ಬ್ಯಾಟರಿ ನಮ್ಮೂರಲ್ಲಿ ಕೂರುವುದಾದರೆ ಮೊದಲ ಕರೆಂಟು ನಮ್ಮೂರಿಗೆ

ಗ್ರಾಮಸಭೆಯಿಂದ ಈಗಷ್ಟೇ ಬಂದೆ. ಸಿಟ್ಟು ಇನ್ನೂ ಇಳಿದಿಲ್ಲ, ಇಳಿಯುವ ಮೊದಲೇ ಬರೆದುಬಿಡ್ತೇನೆ.

ನಮ್ಮೂರ ಬೇಣದ (ದನ ಮೇಯುವ ಹುಲ್ಲುಗುಡ್ಡದ) ಮೇಲೆ ಸೋಲಾರ್ ಪ್ಲಾಂಟ್ ಮಾಡುವ ಪ್ರಸ್ತಾಪ ಬಂದಿದೆ. 20 ಮೆಗಾವ್ಯಾಟಿನದ್ದು, ಜೊತೆಗೆ 80 ಮೆಗಾವ್ಯಾಟ್-ಅವರ್ ಬ್ಯಾಟರಿ. ಅಂದರೆ ಹಗಲು ತುಂಬಿಸಿಟ್ಟದ್ದನ್ನು ಸಂಜೆ ಮೇಲೆ 4 ಗಂಟೆ ಪೂರ್ತಿ ಬಲದಲ್ಲಿ ಬಿಡಬಹುದು. ಜಾಗ ನೂರು ಎಕರೆ ಹತ್ತಿರ ಬೇಕು. ಕಂಪನಿಯವರು ಶಾಲೆಯ ಬೆಂಚಿನ ಮೇಲೆ ನಕಾಶೆ ಹಾಸಿ, ಊರಿಗೆ ಏನೇನು ಸಿಗ್ತದೆ ಅಂತ ಓದಿದರು. ಬಸ್ ನಿಲ್ಲುವಲ್ಲಿ ಒಂದು ತಗಡಿನ ಮಾಡು, ಶಾಲೆಗೆ ಬಣ್ಣ, ಕುಡಿಯುವ ನೀರಿನ ಘಟಕ, ಊರ ಬಾಗಿಲಿಗೊಂದು ಕಮಾನು. ಜನ ಚಪ್ಪಾಳೆ ತಟ್ಟಿದರು. ಕರೆಂಟಿನ ಮಾತನ್ನು ನಾನು ಎತ್ತುವವರೆಗೆ ಯಾರೂ ಎತ್ತಲೇ ಇಲ್ಲ!

ನನ್ನ ಸಂಕಟ ಇದೇ. ಕರೆಂಟು ಹುಟ್ಟುವುದು ನಮ್ಮಲ್ಲಿ, ಇನ್ನು ಮುಂದೆ ಕೂಡಿಡುವುದೂ ನಮ್ಮಲ್ಲಿ, ಮಳೆಗಾಲದ ರಾತ್ರಿ ಕತ್ತಲಲ್ಲಿ ಕೂರುವವರೂ ನಾವೇ. ಕಾಳಿ ನದಿಗೆ ಸೂಪಾದಲ್ಲಿ 101 ಮೀಟರ್ ಎತ್ತರದ ಅಣೆಕಟ್ಟು ಬಂತು, ಹಳೇ ಸೂಪಾ ಪೇಟೆ ನೀರಿನಡಿಗೆ ಹೋಯ್ತು. ಕೊಡಸಳ್ಳಿ ಬಂತು, ಕದ್ರಾ ಬಂತು. ಕೈಗಾದಲ್ಲಿ 220 ಮೆಗಾವ್ಯಾಟಿನ ನಾಲ್ಕು ಅಣು ಘಟಕ ಇವೆ. ಕಾರವಾರದ ಸೀಬರ್ಡ್ ನೌಕಾನೆಲೆಗೆ ಮನೆ ಮಠ ಬಿಟ್ಟವರು ಪರಿಹಾರಕ್ಕೆ ದಶಕಗಟ್ಟಲೆ ಕೋರ್ಟು ಅಲೆದರು. ಇಷ್ಟು ಕೊಟ್ಟ ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಜೂನ್ ಗಾಳಿಗೆ ಒಂದು ಮರ ತಂತಿ ಮೇಲೆ ಬಿತ್ತು ಅಂದರೆ ಹಳ್ಳಿಗಳಿಗೆ ದಿನಗಟ್ಟಲೆ ದೀಪ ಇಲ್ಲ. ಅಮ್ಮನಿಗೆ ದಮ್ಮು ಇರುವುದು ನಿಮಗೆಲ್ಲ ಗೊತ್ತೇ ಇದೆ. ನೆಬ್ಯುಲೈಸರ್ ಹಚ್ಚಲಿಕ್ಕೆ ಆಗದೆ, ಟಾರ್ಚ್ ಹಿಡಿದುಕೊಂಡು ಅವಳ ಎದೆ ಏರಿಳಿಯುವುದನ್ನೇ ನೋಡ್ತಾ ಬೆಳಗು ಮಾಡಿದ ರಾತ್ರಿಗಳಿವೆ. ಅಂಥವನಿಗೆ ಕಮಾನು ತೋರಿಸಬೇಡಿ.

"ಕರೆಂಟು ಗ್ರಿಡ್ಡಿಗೆ ಹೋಗ್ತದೆ, ಇದು ನಿಮ್ಮೂರಿಗೆ, ಇದು ಬೆಂಗಳೂರಿಗೆ ಅಂತ ಬೇರೆ ಮಾಡ್ಲಿಕ್ಕೆ ಬರುವುದಿಲ್ಲ ಸರ್" ಅಂದರು ಕಂಪನಿಯವರು. ಲೈನು ಸರಿ ಇರುವಾಗ ಆ ಮಾತು ನಿಜ. ನಾನು ಕೇಳಿದ್ದು ಲೈನು ಹೋದಾಗಿನ ಮಾತು. ನಮ್ಮ ಮನೆ ಮಾಡಿನ ಮೇಲೂ ಪ್ಯಾನೆಲ್ ಇದೆ. ಕರೆಂಟು ಹೋದ ಕೂಡಲೇ ಬಿರುಬಿಸಿಲಲ್ಲೂ ಅದರ ಇನ್ವರ್ಟರ್ ತಾನಾಗಿ ಬಂದ್ ಆಗ್ತದೆ. ಕಂಬ ಹತ್ತಿದ ಲೈನ್‌ಮನ್‌ಗೆ ಶಾಕ್ ಹೊಡೆಯಬಾರದು ಅಂತ ಆ ವ್ಯವಸ್ಥೆ. ಆದರೆ ಗ್ರಿಡ್ ಇಲ್ಲದೆಯೂ ತಾನೇ ವೋಲ್ಟೇಜ್ ಕಟ್ಟಿ ನಿಲ್ಲಿಸುವ ಇನ್ವರ್ಟರುಗಳಿವೆ. ಅಂಥದ್ದನ್ನು ಬ್ಯಾಟರಿಗೆ ಜೋಡಿಸಿ, ಹೊರಗಿನ ಲೈನನ್ನು ಕಡಿದು ಬೇರೆ ಮಾಡುವ ಸ್ವಿಚ್ ಹಾಕಿದರೆ ಒಂದು ಫೀಡರನ್ನು, ಅಂದರೆ ಊರಿಗೆ ಕರೆಂಟು ಹಂಚುವ ಲೈನನ್ನು, ಅದರಷ್ಟಕ್ಕೇ ನಡೆಸಬಹುದು. ನಮ್ಮಂಥ ಊರಿನ ಫೀಡರಿನ ಲೋಡು 1 ಮೆಗಾವ್ಯಾಟ್ ಅಂತಲೇ ಹಿಡಿಯಿರಿ. ಬ್ಯಾಟರಿಯ ಹತ್ತರಲ್ಲೊಂದು ಪಾಲು, 8 ಮೆಗಾವ್ಯಾಟ್-ಅವರ್, ಊರಿಗೆ ಮೀಸಲಿಟ್ಟರೆ 8 ಗಂಟೆ ದೀಪ ಉರೀತದೆ. ಆಸ್ಪತ್ರೆ, ನೀರಿನ ಪಂಪು, ಮೊಬೈಲ್ ಟವರಿಗೆ ಮಾತ್ರ ಬಿಟ್ಟರೆ ಇನ್ನೂ ಎಷ್ಟೋ ಹೊತ್ತು. ಮಳೆಗಾಲದಲ್ಲಿ ಬಿಸಿಲೆಲ್ಲಿ ಅನ್ನುವವರಿಗೂ ಹೇಳ್ತೇನೆ, ಗಾಳಿಮಳೆಯ ಮುನ್ಸೂಚನೆ ಬಂದ ದಿನ ಗ್ರಿಡ್ಡಿನಿಂದಲೇ ಬ್ಯಾಟರಿ ತುಂಬಿಸಿಡಬಹುದು. ಊರೊಳಗಿನ ತಂತಿಯೇ ಹರಿದರೆ ಯಾವ ಬ್ಯಾಟರಿಯೂ ಏನೂ ಮಾಡಲಾರದು, ಒಪ್ಪಿದೆ. ಆದರೆ ನಮಗೆ ಹೆಚ್ಚಾಗಿ ಕೈಕೊಡುವುದು ಕಾಡಿನ ನಡುವೆ ಬರುವ ಉದ್ದ ಲೈನು.

ಇದನ್ನೆಲ್ಲ ಹೇಳಿದಾಗ "ಖರ್ಚು ಜಾಸ್ತಿ" ಅಂತ ಉತ್ತರ ಬಂತು. ಹಾಗಾದರೆ ಖರ್ಚಿನ ಲೆಕ್ಕ ಕೊಡಿ, ನಾವೂ ನೋಡ್ತೇವೆ.

ಬೇಣದ ವಿಷಯಕ್ಕೆ ಬರ್ತೇನೆ. ನಕಾಶೆಯಲ್ಲಿ ಅದಕ್ಕೆ ನೀಲಿ ಬಣ್ಣ ಬಳಿದು ಖಾಲಿ ಜಾಗ ಅಂದರು. ಹಿಂದೆ ಕೂತಿದ್ದ ನಮ್ಮ ಕೇರಿಯ ಅಕ್ಕ ಎದ್ದು ನಿಂತು, "ಬೇಲಿ ಹಾಕಿದ ಮೇಲೆ ನಮ್ಮ ದನ ಎಲ್ಲಿಗೆ ಹೋಗ್ಬೇಕು ಸಾಹೇಬ್ರೇ? ದರಕು ಎಲ್ಲಿಂದ ತರುದು?" ಅಂದರು. ಕೊಟ್ಟಿಗೆಗೆ ಹಾಸುವ ಒಣಎಲೆ, ಅದೇ ದರಕು, ಅದರಿಂದ ಆಗುವ ಗೊಬ್ಬರ, ಆ ಗೊಬ್ಬರದಿಂದ ತೋಟ. ಆ ಪ್ರಶ್ನೆಗೆ ಯಾರೂ ಬಾಯಿ ಬಿಡಲಿಲ್ಲ. ಪಾವಗಡದಲ್ಲಿ 2,050 ಮೆಗಾವ್ಯಾಟಿನ ಪಾರ್ಕಿಗೆ ಸುಮಾರು 13,000 ಎಕರೆ ಹೋಯ್ತು. ಅಲ್ಲಿ ರೈತರು ಜಮೀನು ಮಾರಲಿಲ್ಲ, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರುಮಾಡಿ ಗುತ್ತಿಗೆಗೆ ಕೊಟ್ಟರು. ಅದು ಒಳ್ಳೆಯದೇ. ಆದರೆ ಸ್ವಂತ ಜಮೀನಿಲ್ಲದ ಕೂಲಿಯವರ ಕೆಲಸ ಹೋಯ್ತು, ಕುರಿ ಮೇಯಿಸುವವರ ಜಾಗ ಹೋಯ್ತು. ನಮ್ಮಲ್ಲೂ ಪಹಣಿಯಲ್ಲಿ ಹೆಸರಿಲ್ಲದವರೇ ಬೇಣವನ್ನು ನಂಬಿಕೊಂಡವರು. ಪ್ಯಾನೆಲ್ಲನ್ನು ಸ್ವಲ್ಪ ಎತ್ತರಕ್ಕೆ ಕೂರಿಸಿ, ದಾರಿ ಬಿಟ್ಟು, ಹುಲ್ಲು ಕೊಯ್ಯುವ ಹಕ್ಕನ್ನಾದರೂ ಅವರಿಗೆ ಬರೆದುಕೊಡಲಿ.

ಬೆಂಕಿಯ ಪ್ರಶ್ನೆಯೂ ಇದೆ. ಲಿಥಿಯಂ ಬ್ಯಾಟರಿ ಒಮ್ಮೆ ಹೊತ್ತಿದರೆ ಆರಿಸುವುದು ಸುಲಭ ಅಲ್ಲ, ಹೊಗೆಯೂ ವಿಷ. ಮನೆಗಳಿಂದ ಎಷ್ಟು ದೂರ, ನೀರಿನ ಟ್ಯಾಂಕ್ ಎಲ್ಲಿ, ಫೈರ್ ಎಂಜಿನ್ ಬರುವ ರಸ್ತೆ ಯಾವುದು?

ಸೋಲಾರ್ ಬೇಡ ಅನ್ನುವವ ನಾನಲ್ಲ. ಬರಲಿ, ಬರಬೇಕು. ಮುಂದಿನ ಸಭೆಗೆ ಮೂರೇ ಮಾತು ಬರೆದುಕೊಂಡು ಹೋಗ್ತೇನೆ. ಲೈನು ಹೋದಾಗ ಬ್ಯಾಟರಿಯಲ್ಲಿ ಊರಿಗೆ ಮೀಸಲು ಪಾಲು, ಜಾಗ ಗುತ್ತಿಗೆಗೆ ಮಾತ್ರ, ಪ್ಲಾಂಟ್ ನಡೆಯುವಷ್ಟು ವರ್ಷವೂ ಮೆಗಾವ್ಯಾಟಿಗೆ ಇಂತಿಷ್ಟು ಅಂತ ಪಂಚಾಯ್ತಿ ಖಾತೆಗೆ ಹಣ. ನಡಾವಳಿ ಪುಸ್ತಕದಲ್ಲಿ ಇದನ್ನು ಬರೆಸದೆ ಏಳುವುದಿಲ್ಲ. ನಮ್ಮ ವಾರ್ಡಿನವರು ಯಾರ್ಯಾರು ಬರ್ತೀರಿ, ಇಲ್ಲೇ ಹೇಳಿ.