ಜಾಡಿಯೊಳಗೆ ಚಮಚ

ಬೆಳಿಗ್ಗೆ ಫ್ರಿಜ್ ತೆಗೆದ್ರೆ ಮಿಡಿ ಉಪ್ಪಿನಕಾಯಿ ಬಾಟ್ಲಿಯೊಳಗೆ ಒಂದು ಚಮಚ ನೆಟ್ಟಗೆ ನಿಂತಿದೆ. ಅದಕ್ಕೆ ಮೊಸರು ಬೇರೆ ಮೆತ್ಕೊಂಡಿದೆ. ಮನೇಲಿರೋದು ಮೂರೇ ಜನ, ಮೂವರೂ ‘ನಾನಲ್ಲ’ ಅಂದ್ವಿ.

ಶಿರಸಿ ಕಡೆ ನಮ್ಮನೇಲಾಗಿದ್ರೆ ಇದು ಸಣ್ಣ ಕೇಸಲ್ಲ. ಅಲ್ಲಿ ಜಾಡಿ ಬಾಯಿಗೆ ಕಟ್ಟಿದ ಬಟ್ಟೆ ಬಿಚ್ಚೋ ಅಧಿಕಾರ ಆಯಿ, ಅಂದ್ರೆ ಅಮ್ಮ, ಒಬ್ಬಳಿಗೇ, ಅದೂ ಕೈ ಒರೆಸ್ಕೊಂಡು, ಒಣಗಿದ ಮರದ ಸೌಟಲ್ಲಿ. ಉಪ್ಪಿನಕಾಯಿಗೆ ಹಾಕೋ ಎಳೆ ಮಾವು ಅಪ್ಪೆಮಿಡಿನ ಮರದಿಂದ ಉದುರ್ಸೋ ಹಾಗಿಲ್ಲ, ಮೇಲೆ ಹತ್ತಿ ತೊಟ್ಟು ಸಮೇತ ಕೊಯ್ದು ಹಗ್ಗದಲ್ಲಿ ಚೀಲ ಇಳಿಸ್ಬೇಕು, ಪೆಟ್ಟು ತಿಂದಿದ್ದು ಒಂದು ಸೇರಿದ್ರೂ ಜಾಡಿ ಕೆಟ್ಟಂಗೇ. ಈಗ ಅದಕ್ಕೆ ಜಿಐ ಟ್ಯಾಗ್, ಅಂದ್ರೆ ಇಂಥ ಕಡೆಯದೇ ಅನ್ನೋ ಸರ್ಕಾರಿ ಗುರುತು, ಕೂಡ ಇದೆಯಂತೆ, ಸಂತೋಷ. ಟ್ಯಾಗ್ ಕೊಟ್ಟೋರು ಒದ್ದೆ ಚಮಚಕ್ಕೆ ಒಂದು ದಂಡಾನೂ ಇಟ್ಟಿದ್ರೆ ಚೆನ್ನಾಗಿತ್ತು.

1998ರಲ್ಲಿ ಕೆಲಸ ಸಿಕ್ಕಿ ಬೆಂಗಳೂರಿಗೆ ಹೊರಟಾಗ ಆಯಿ ಒಂದು ಪಿಂಗಾಣಿ ಜಾಡಿ ತುಂಬಿ, ಬಾಯಿಗೆ ಪ್ಲಾಸ್ಟಿಕ್ಕು, ಅದರ ಮೇಲೆ ಬಟ್ಟೆ, ಅದರ ಮೇಲೆ ಸುತ್ತಲಿ ದಾರ ಬಿಗಿದು "ತಮಾ, ನೆಲಕ್ಕೆ ಇಡಡ, ತೊಡೆ ಮೇಲೇ ಇಟ್ಗ" ಅಂದಿದ್ಳು. ಸುಮಾರು 400 ಕಿಲೋಮೀಟರ್, ರಾತ್ರಿ ಬಸ್ಸು. ಹಾವೇರಿವರೆಗೆ ಮಗು ಎತ್ಕೊಂಡಂಗೆ ಎತ್ಕೊಂಡಿದ್ದೆ, ದಾವಣಗೆರೆ ದಾಟೋವಾಗ ಕಣ್ಣು ಎಳೀತು, ಚಿತ್ರದುರ್ಗದ ಹತ್ರ ಯಾವ್ದೋ ರೋಡ್ ಹಂಪ್‌ಗೆ ಎಚ್ಚರ ಆದ್ರೆ ಜಾಡಿ ವಾಲಿದೆ, ಕೆಂಪು ರಸ ಇಳಿದು ಪಕ್ಕದ ಸೀಟಿನ ಯಜಮಾನ್ರ ಬಿಳಿ ಪಂಚೆ ಮೇಲೆ ಅಂಗೈಯಗಲ ನಕಾಶೆ ಬರ್ದಿದೆ! ಅವರು ನಿದ್ದೇಲಿದ್ರು. ನಾನು ಏನ್ ಮಾಡಿದೆ ಅಂತೀರಾ, ಜಾಡಿ ನೆಟ್ಟಗೆ ಮಾಡಿ ಕಣ್ಣು ಮುಚ್ಕೊಂಡೆ. ಹಿರಿಯೂರು ಬಂತು, ಶಿರಾ ಬಂತು, ಸಾಸಿವೆ ಘಾಟು ಬಸ್ಸಿಡೀ ತುಂಬ್ತು, ಹಿಂದಿನ ಸೀಟಲ್ಲಿ ಯಾರೋ "ಯಾರ್ರೀ ಊಟ ಮಾಡ್ತಿರೋದು ಇಷ್ಟೊತ್ತಲ್ಲಿ" ಅಂದ್ರು. ಆಗ ಯಜಮಾನ್ರು ಎದ್ರು. ಪಂಚೆ ನೋಡ್ಕೊಂಡ್ರು, ನನ್ನ ನೋಡಿದ್ರು, ಜಾಡಿ ನೋಡಿದ್ರು. ಬೈಸ್ಕೊಳ್ಳೋಕೆ ಸಿದ್ಧ ಆಗಿ ಕೂತೆ. ಅವರು ಬೈಲಿಲ್ಲ. ಪಂಚೆ ಮೇಲಿನ ರಸ ಬೆರಳಲ್ಲಿ ಒರೆಸಿ ನಾಲಿಗೆಗಿಟ್ಟು, ಸ್ವಲ್ಪ ಹೊತ್ತು ಯೋಚ್ನೆ ಮಾಡಿ, "ಉಪ್ಪು ಒಂಚೂರು ಜಾಸ್ತಿ ಆಯ್ತು" ಅಂದು ತುಮಕೂರಲ್ಲಿ ಇಳಿದು ಹೋದ್ರು.

ಉಪ್ಪು ಜಾಸ್ತಿ! ಎರಡು ವಾರ ಉಪ್ಪಲ್ಲೇ ಬಿದ್ದು ಮುರುಟಿದ ಮಿಡಿ, ಅದರ ಉಪ್ಪುನೀರಲ್ಲೇ ಕಲಸಿದ ಮಸಾಲೆ, ಇನ್ನೇನು ಸಕ್ಕರೆ ಇರುತ್ತಾ? ಉತ್ತರ ಹೇಳೋಕೆ ನನಗೆ ನೆಲಮಂಗಲದವರೆಗೂ ಬೇಕಾಯ್ತು, ಅಷ್ಟೊತ್ತಿಗೆ ಸೀಟು ಖಾಲಿ. ಪಂಚೆ ಕೊಳೆ ಮಾಡಿದ್ದಕ್ಕೆ ಬೇಜಾರಿದೆ, ಇಲ್ಲ ಅನ್ನಲ್ಲ. ಆದ್ರೆ ಆ ಮಾತು ಮಾತ್ರ ಇವತ್ತಿಗೂ ನುಂಗೋಕಾಗ್ತಿಲ್ಲ. ಆಯಿಗೆ ಇದುವರೆಗೂ ಹೇಳಿಲ್ಲ.

ಹಾಂ, ಚಮಚ. ಮೇಲಿನ ಪದರ ತೆಗೆದು ಬಿಸಾಕಿ, ಉಳಿದಿದ್ದನ್ನ ಬೇರೆ ಬಾಟ್ಲಿಗೆ ಹಾಕಿಟ್ಟಿದೀನಿ. ರಾತ್ರಿ ಹತ್ತು ಗಂಟೆ ಮೇಲೆ ಮೊಸರನ್ನ ಕಲಸ್ಕೊಂಡು ತಿನ್ನೋದು ಈ ಮನೇಲಿ ನಾನೊಬ್ನೇ ಅಂತ ಹೆಂಡ್ತಿ ಏನೇನೋ ಲೆಕ್ಕ ಹಾಕ್ತಿದಾಳೆ. ಅದು ಬೇರೆ ವಿಷಯ.