ಸ್ಟೀರಿಂಗ್ ಹಗುರಾದರೆ ಯಾರ ಗಂಟು ಹೋಯ್ತು?

"ಚೆನ್ನಾಗಿರೋ ಕಾರನ್ನ ಯಾಕೆ ಹಾಳು ಮಾಡ್ತಿದೀಯ?"

ಪಕ್ಕದ ಮನೆಯ ಮುದುಕ ಕೇಳಿದ್ದು ಇಷ್ಟೇ. ನಾನು ಗರಾಜಿನಲ್ಲಿ ನನ್ನ 1992ರ ಮಜ್ದಾ ಮಿಯಾಟಾದ ಕೆಳಗೆ ಮಲಗಿದ್ದೆ. ಪಕ್ಕದಲ್ಲಿ ಗುಜರಿಯಿಂದ ನಾನೇ ಬಿಚ್ಚಿ ತಂದ ಪವರ್ ಸ್ಟೀರಿಂಗ್ ರ‍್ಯಾಕ್ (ಸ್ಟೀರಿಂಗ್ ತಿರುಗಿಸಿದಂತೆ ಮುಂದಿನ ಚಕ್ರಗಳನ್ನು ತಿರುಗಿಸುವ ಹಲ್ಲುಸರಳು), ಪಂಪು, ಪೈಪುಗಳು. ಅವನ ಮುಖ ನೋಡಿದರೆ ನಾನು ಹಳೇ ದೇವಸ್ಥಾನದ ಕಲ್ಲುಕಂಬಕ್ಕೆ ಆಯಿಲ್ ಪೇಂಟ್ ಬಳಿಯುತ್ತಿದ್ದೇನೆ ಅನ್ನಬೇಕು, ಹಾಗಿತ್ತು.

ನಾನಿರುವುದು ಶಾರ್ಲಟ್‌ನಲ್ಲಿ, ನಾರ್ತ್ ಕ್ಯಾರೊಲೈನಾ. ಕಾರು ಪುಟ್ಟದು, ಎರಡೇ ಸೀಟು, ತೂಕ ಒಂದು ಟನ್ ಆಸುಪಾಸು. ಆಗ ಬೇಸ್ ಮಾಡೆಲ್‌ಗೆ ಪವರ್ ಸ್ಟೀರಿಂಗ್ ಇರುತ್ತಿರಲಿಲ್ಲ. ಓಡುವಾಗ ಏನೂ ತೊಂದರೆ ಇಲ್ಲ. ತೊಂದರೆಯೆಲ್ಲ ನಿಲ್ಲಿಸುವಾಗ. ಹಿಂದಿನ ಮಾಲೀಕ ಶೋಕಿಗೆ 205 ಮಿ.ಮೀ. ಅಗಲದ ಟೈರ್ ಹಾಕಿಸಿದ್ದ, ಸ್ಟೀರಿಂಗ್ ಚಕ್ರವನ್ನೂ ಚಿಕ್ಕದು ಮಾಡಿಸಿದ್ದ. ನನಗೋ ಬಲಭುಜ ಹಿಡಿದುಕೊಂಡು ಎಂಟು ತಿಂಗಳು. ಅಂಗಡಿ ಮುಂದೆ ರಿವರ್ಸ್ ಹಾಕಿ ತಿರುಗಿಸುವಷ್ಟರಲ್ಲಿ ಬೆನ್ನೆಲ್ಲ ಬೆವರು.

ಆದರೆ ಇಲ್ಲಿನ ಮಿಯಾಟಾ ಭಕ್ತರು ಮಾಡೋದು ಉಲ್ಟಾ. ಪವರ್ ಸ್ಟೀರಿಂಗ್ ಇರೋ ಕಾರು ಕೊಂಡು ಅದನ್ನ ಕಿತ್ತು ಹಾಕ್ತಾರೆ. ಪಂಪು, ಬೆಲ್ಟು ತೆಗೆದು, ರ‍್ಯಾಕ್ ಬಿಚ್ಚಿ, ಒಳಗೆ ಎಣ್ಣೆಯ ಒತ್ತಡ ಹಿಡಿಯೋ ಸೀಲನ್ನೂ ಕೊಯ್ದು ಬಿಸಾಡ್ತಾರೆ. ಸುಮ್ನೆ ಪೈಪಿಗೆ ಪೈಪು ಜೋಡಿಸಿ ಬಿಟ್ಟರೆ ಆಗಲ್ವಂತೆ, ಒಳಗಿನ ಎಣ್ಣೆ ತಡೆಯುತ್ತದಂತೆ. ಇಷ್ಟೆಲ್ಲ ಯಾಕೆ? "ಫೀಲ್". ರಸ್ತೆ ಕೈಗೆ ಮಾತಾಡಬೇಕು!

ನನಗೆ ನೆನಪಾಗಿದ್ದು ದೊಡ್ಡಪ್ಪ. ಎಂಬತ್ತರ ದಶಕದಲ್ಲಿ ಚಾರ್ಮಾಡಿ ಘಾಟಿಯಲ್ಲಿ ಲಾರಿ ಓಡಿಸುತ್ತಿದ್ದ. ಲೋಡ್ ಇದ್ದಾಗ ಹೇರ್‌ಪಿನ್ ತಿರುವಿಗೆ ಸೀಟಿನಿಂದ ಅರ್ಧ ಎದ್ದು, ಎದೆಯನ್ನೇ ಚಕ್ರಕ್ಕೆ ಒತ್ತಿ ತಿರುಗಿಸಬೇಕಿತ್ತು. ಅವನ ಅಂಗೈ ಮುಟ್ಟಿದರೆ ತೆಂಗಿನ ಸಿಪ್ಪೆ ಮುಟ್ಟಿದ ಹಾಗೆ. ರಸ್ತೆ ಅವನ ಕೈಗೆ ದಿನಾ ಮಾತಾಡುತ್ತಿತ್ತು, ಬೈಗುಳದ ಭಾಷೆಯಲ್ಲಿ. ಮುಂದೆ ಪವರ್ ಸ್ಟೀರಿಂಗ್ ಲಾರಿ ಸಿಕ್ಕ ದಿನ ಮನೆ ಮುಂದೆ ನಿಲ್ಲಿಸಿ ನಮ್ಮನ್ನೆಲ್ಲ ಕರೆದ. ಒಂದೇ ಬೆರಳು ಚಕ್ರಕ್ಕೆ ಸಿಕ್ಕಿಸಿ ಆ ಕಡೆಯಿಂದ ಈ ಕಡೆಗೆ ತಿರುಗಿಸಿ ತೋರಿಸಿದ. ಮಾತಾಡಲಿಲ್ಲ, ನಗುತ್ತಿದ್ದ. ಅಜ್ಜಿ ಟೈರಿಗೆ ನಿಂಬೆಹಣ್ಣು ಇಟ್ಟಳು.

ಕಷ್ಟ ಯಾವತ್ತೂ ಪಡದವರಿಗೆ ಕಷ್ಟವೂ ಒಂದು ಹವ್ಯಾಸ, ಅಲ್ವಾ? ವಾರವೆಲ್ಲ ಆಟೋಮ್ಯಾಟಿಕ್ ಗಾಡಿಯಲ್ಲಿ ಆಫೀಸಿಗೆ ಹೋಗಿ ಭಾನುವಾರ ಭುಜಕ್ಕೆ ಕೆಲಸ ಕೊಡ್ತಾರೆ. ಅವರು ಮಾಡಿಕೊಳ್ಳಲಿ. ನನಗ್ಯಾಕೆ ಉಪದೇಶ? ನಮ್ಮೂರಿನ ಮೆಕ್ಯಾನಿಕ್ ಆಗಿದ್ದರೆ ಯಾಕೆ ಅಂತ ಕೇಳುತ್ತಲೇ ಇರಲಿಲ್ಲ. "ಬಿಟ್ಟೋಗಿ ಸಾರ್, ಸಂಜೆ ಬನ್ನಿ" ಅಂತಿದ್ದ. ಗಾಡಿ ನಿಮ್ಮದು, ಭುಜ ನಿಮ್ಮದು.

ಈ ಮುದುಕ ಮಾತ್ರ ಬಿಡಲಿಲ್ಲ. ಮೊದಲು ಕಂಪನಿ ಅಳತೆಯ 185 ಟೈರ್ ಹಾಕು ಅಂದ. ಹಾಕಿದೆ. ಸ್ವಲ್ಪ ಹಗುರಾಯ್ತು, ಒಪ್ಪದೆ ವಿಧಿಯಿಲ್ಲ. ಆದರೆ ಭುಜಕ್ಕೆ ಆ ಸ್ವಲ್ಪ ಸಾಲಲಿಲ್ಲ. ಸ್ನೇಹಿತರೊಬ್ಬರು ಬೇರೆ ಕಾರಿನ ಎಲೆಕ್ಟ್ರಿಕ್ ಕಾಲಂ, ಅಂದರೆ ಮೋಟರ್ ಇರೋ ಸ್ಟೀರಿಂಗ್ ಕಂಬ ಹಾಕು, ಎಣ್ಣೆ ರಗಳೆ ಇರಲ್ಲ ಅಂದರು. ಅದರಲ್ಲಿ ಭಾರ ಇಳಿಯುತ್ತದೆ ನಿಜ, ಹಳೇ ರ‍್ಯಾಕ್ ಅಲ್ಲೇ ಇರುತ್ತದಲ್ಲ. ಅದಕ್ಕೆ ಈ ತುದಿಯಿಂದ ಆ ತುದಿಗೆ ಸುಮಾರು 3.3 ಸುತ್ತು ಬೇಕು. ಪವರ್ ರ‍್ಯಾಕ್‌ಗೆ 2.8 ಸಾಕು. ನಾನು ಅದನ್ನೇ ಹಿಡಿದು ಕೂತೆ.

ಮುಂದಿನ ಶನಿವಾರ ಬೆಳಿಗ್ಗೆ ನೋಡಿದರೆ ಅದೇ ಮುದುಕ ಪೈಪ್ ನಟ್ಟಿನ ಸ್ಪ್ಯಾನರ್ ಹಿಡಿದು ಗರಾಜಿನಲ್ಲಿ ನಿಂತಿದ್ದಾನೆ. "ಹಾಳು ಮಾಡೋದೇ ಆದರೆ ಸರಿಯಾಗಿ ಹಾಳು ಮಾಡು" ಅಂದ. ಚಕ್ರಕ್ಕೆ ಸೇರುವ ಟೈ ರಾಡ್ ತುದಿ ಬಿಚ್ಚುವ ಮುಂಚೆ ಅದರ ತಿರುಪಿನ ಮರೆಗಳನ್ನು ಎಣಿಸಿ ಗೋಡೆ ಮೇಲೆ ಬರೆಸಿದ. ಗುಜರಿ ಪಂಪಿಗೆ ಹೊಸ ಸೀಲ್ ಹಾಕಿಸಿದ. ಮುಂದಿನ ಚಕ್ರ ಎರಡೂ ಎತ್ತಿ, ಇಂಜಿನ್ ಆಫ್ ಇಟ್ಟು, ಎಣ್ಣೆಯಲ್ಲಿ ಗುಳ್ಳೆ ನಿಲ್ಲುವ ತನಕ ಸ್ಟೀರಿಂಗನ್ನು ಆ ಕಡೆ ಈ ಕಡೆ ತಿರುಗಿಸುತ್ತಲೇ ಇದ್ದ. ಎರಡು ಶನಿವಾರ. ಒಂದು ಕಾಫಿ ಬಿಟ್ಟರೆ ಏನೂ ಮುಟ್ಟಲಿಲ್ಲ.

ನಮ್ಮೂರಿನ "ಸಂಜೆ ಬನ್ನಿ"ಯ ಕಥೆಯನ್ನೂ ಹೇಳಿಬಿಡ್ತೀನಿ. ತಮ್ಮನ ಜೀಪಿಗೆ ಪವರ್ ಸ್ಟೀರಿಂಗ್ ಹಾಕಿಸಿದಾಗ ನಿಜವಾಗಲೂ ಸಂಜೆಗೇ ಕೊಟ್ಟರು. ಮೂರನೇ ವಾರ ಹೋಸ್ ಬಿಟ್ಟುಕೊಂಡು ಎಣ್ಣೆಯೆಲ್ಲ ರಸ್ತೆಗೆ. ಕೇಳಿದರೆ "ಕ್ಲಿಪ್ ಹಾಕಿದ್ನಲ್ಲ ಸಾರ್". ಕಾಸು ಇಸ್ಕೊಂಡು ಮತ್ತೊಂದು ಕ್ಲಿಪ್ ಹಾಕಿದ.

ಕೆಲಸ ಮುಗಿದ ಮೇಲೆ ಡೀಲ್ಸ್ ಗ್ಯಾಪ್‌ಗೆ ಹೋದೆ. ಟೆನೆಸಿ ಗಡಿಯ ಘಟ್ಟದ ರಸ್ತೆ, 11 ಮೈಲಿಗೆ 318 ತಿರುವು ಅಂತ ಹೆಸರುವಾಸಿ. ಚಾರ್ಮಾಡಿಯನ್ನು ತೊಳೆದು ಒರೆಸಿ ಇಟ್ಟ ಹಾಗಿದೆ. ಭುಜ ತೆಪ್ಪಗಿತ್ತು. ಒಂದು ತಿರುವಿನಲ್ಲಿ ಮುಂದಿನ ಟೈರ್ ಜಲ್ಲಿ ಮೇಲೆ ಚೂರು ಜಾರಿತು. ಮೊದಲಾಗಿದ್ದರೆ ಅಂಗೈಗೆ ಗೊತ್ತಾಗುತ್ತಿತ್ತು. ಈ ಸಲ ಕಾರಿನ ಮೂತಿ ಹೊರಗೆ ಸರಿದ ಮೇಲೆ ಗೊತ್ತಾಯ್ತು. ಇದನ್ನ ಮುದುಕನಿಗೆ ಹೇಳಿಲ್ಲ.

ಹಳೇ ರ‍್ಯಾಕ್‌ಗೆ ಅವನೇ ಗ್ರೀಸ್ ಹಚ್ಚಿ, ಪೇಪರ್ ಸುತ್ತಿ, ನನ್ನ ಅಟ್ಟದ ಮೇಲೆ ಇಟ್ಟುಹೋಗಿದ್ದಾನೆ. ಮೊನ್ನೆ ಹೆಂಡತಿ ಕೇಳಿದಳು, "ಇದನ್ನ ಗುಜರಿಗೆ ಹಾಕಬಾರದಾ?"

"ಇರ್ಲಿ ಬಿಡು" ಅಂದೆ.