ಸಾಲಿಹ್ ಬರೀ ಲೂಟಿಕೋರನಾ?

ನಿಮ್ಮ ಲೇಖನದಲ್ಲಿ, ಹನ್ನೊಂದನೇ ಶತಮಾನದಲ್ಲಿ ಸಿರಿಯಾದ ಅಲೆಪ್ಪೊ ನಗರ ಆಳಿದ ಸಾಲಿಹ್ ಇಬ್ನ್ ಮಿರ್ದಾಸ್‌ನನ್ನು ಊರು ಆಳೋಕೆ ಬಾರದ ಮರುಭೂಮಿಯ ಲೂಟಿಕೋರ ಅಂತ ಬರೆದಿದ್ದೀರಲ್ಲ, ಅದನ್ನು ಒಪ್ಪೋಕಾಗಲ್ಲ ಸಾರ್. ಕಿಲಾಬ್ ಅನ್ನೋ ಅರಬ್ ಬುಡಕಟ್ಟಿನವನು, ದಾಳಿ ಮಾಡಿದ್ದೂ ನಿಜ. ಆದರೆ 1025ರಲ್ಲಿ ಅಲೆಪ್ಪೊ ಕೈಗೆ ಬಂದ ಮೇಲೆ ಮಂತ್ರಿ ಮಾಡಿಕೊಂಡಿದ್ದು ಒಬ್ಬ ಕ್ರೈಸ್ತನನ್ನು. ಮುಂದೆ ಮಅರ್ರಾ ಊರಿಗೆ ಮುತ್ತಿಗೆ ಹಾಕಿದಾಗ ಕುರುಡು ಕವಿ ಅಲ್-ಮಅರ್ರಿ ಬಂದು ಕೇಳಿಕೊಂಡ ಅಂತ ವಾಪಸ್ ಹೋದ, ಹಿಡಿದಿಟ್ಟಿದ್ದವರನ್ನೂ ಬಿಟ್ಟ. ಸುಮ್ನೆ ದೋಚೋಕೆ ಬಂದವನು ಕವಿಯ ಮಾತು ಕೇಳ್ತಾನಾ?

ಇನ್ನು 1014ರ ಕಥೆ! ಅಲೆಪ್ಪೊ ಕೋಟೆಯ ಸೆರೆಯಿಂದ, ಕಾಲಲ್ಲಿ ಬೇಡಿ ಇರುವಾಗಲೇ ಗೋಡೆ ಹಾರಿ ತಪ್ಪಿಸಿಕೊಂಡು, ಕೆಲವೇ ವಾರಗಳಲ್ಲಿ ತನ್ನನ್ನು ಕೂಡಿಹಾಕಿದ್ದ ಅಲೆಪ್ಪೊ ದೊರೆ ಮನ್ಸೂರನನ್ನೇ ಸೆರೆಹಿಡಿದ. ಅದನ್ನೇ ಬಿಟ್ಟುಬಿಟ್ಟಿದ್ದೀರಿ. 1029ರಲ್ಲಿ ಈಜಿಪ್ಟಿನ ಫಾತಿಮಿ ದೊರೆಗಳ ಸೈನ್ಯದ ಎದುರು ಅವನು ಸತ್ತರೂ ಅವನ ಮನೆತನ ಮಧ್ಯೆ ಮಧ್ಯೆ ಅಧಿಕಾರ ಕಳೆದುಕೊಂಡರೂ 1080ರವರೆಗೆ ಅಲೆಪ್ಪೊ ಆಳಿತು, ಅಲ್ವಾ?